ಹಿತ್ತಲಿನ ಎರೆಮಣ್ಣನ್ನು ಕಡಿಮೆ ಖರ್ಚಿನಲ್ಲಿ ಹದಕ್ಕೆ ತಂದಿದ್ದು

ಮಣ್ಣೆತ್ತಿನ ಅಮಾವಾಸ್ಯೆ ಬಂತೆಂದರೆ ಓಣಿಯ ಮಕ್ಕಳೆಲ್ಲ ಬುಟ್ಟಿ ಹಿಡಿದು ನಮ್ಮ ಹಿತ್ತಲಿಗೆ ಬರುತ್ತಿದ್ದರು. ಎತ್ತು ಮಾಡಲು ಅವರಿಗೆ ನಮ್ಮ ಮಣ್ಣೇ ಆಗಬೇಕು. ಕಲಸಿದರೆ ರೊಟ್ಟಿ ಹಿಟ್ಟಿನ ಹಾಗೆ ಕೈಗೆ ಬರುತ್ತದೆ. ಕೋಡು, ಕಿವಿ, ಬಾಲ ಏನು ಅಂಟಿಸಿದರೂ ನಿಲ್ಲುತ್ತದೆ. ಒಣಗಿದರೆ ಕಲ್ಲು. ಮಕ್ಕಳಿಗೆ ಖುಷಿ, ನನಗೆ ಸಂಕಟ. ಎತ್ತಿಗೆ ಒಗ್ಗುವ ಮಣ್ಣಿನಲ್ಲಿ ಬದನೆ ಗಿಡ ಬದುಕುವುದಿಲ್ಲ.

ನಾನು ಸಿಂಧನೂರಿನಲ್ಲಿ ಮನೆಯಲ್ಲೇ ಬಟ್ಟೆ ಹೊಲಿಯುತ್ತೇನೆ. ಹಿತ್ತಲು 20 ಅಡಿ ಉದ್ದ, 15 ಅಡಿ ಅಗಲ. ಅಪ್ಪಟ ಎರೆಮಣ್ಣು. ಮಳೆ ಬಂದರೆ ಚಪ್ಪಲಿ ಕಿತ್ತುಕೊಳ್ಳುತ್ತದೆ, ಏಪ್ರಿಲ್‌ನಲ್ಲಿ ಕೈ ತೂರುವಷ್ಟು ಬಿರುಕು ಬಿಡುತ್ತದೆ. ಈ ಮಣ್ಣಿಗೆ ಗೊಬ್ಬರ ಸುರಿಯುವುದು ಆಮೇಲಿನ ಮಾತು. ಮಣ್ಣು ಕೆಡಿಸುವ ಕೆಲಸವನ್ನು ನಾವೇ ದಿನಾ ಮಾಡುತ್ತಿರುತ್ತೇವೆ, ಮೊದಲು ಅದನ್ನು ನಿಲ್ಲಿಸಬೇಕು. ಅದಕ್ಕೆ ಒಂದು ರೂಪಾಯಿಯೂ ಬೇಡ. ಇದು ಗೊತ್ತಾಗಲು ನನಗೆ 2 ವರ್ಷ ಹಿಡಿಯಿತು.

ನಾನು ಮಾಡಿದ ದೊಡ್ಡ ತಪ್ಪು ಬೂದಿ. ನಮ್ಮೂರಲ್ಲಿ ರೈಸ್ ಮಿಲ್ಲುಗಳಿಗೆ ಬರವಿಲ್ಲ, ಭತ್ತದ ಹೊಟ್ಟಿನ ಬೂದಿ ಪುಕ್ಕಟೆ ಸಿಗುತ್ತದೆ. ಬೂದಿ ಅಂದರೆ ಗೊಬ್ಬರ ಅಂತ ಚಿಕ್ಕಂದಿನಿಂದ ಕೇಳಿದ್ದೆನಲ್ಲ, 6 ಚೀಲ ತಂದು ಸುರಿದೆ. ನೀರು ಕಾಯಿಸುವ ಒಲೆಯ ಬೂದಿಯನ್ನೂ ಬಿಡಲಿಲ್ಲ. ಹೊಟ್ಟಿನ ಬೂದಿಯಲ್ಲಿ ಇರುವುದು ಬಹುಪಾಲು ಸಿಲಿಕಾ, ಗಿಡಕ್ಕೆ ಅದರಲ್ಲಿ ಊಟ ಕಡಿಮೆ. ಕಟ್ಟಿಗೆ ಬೂದಿ ಹುಳಿ ಮಣ್ಣಿಗೆ ಒಳ್ಳೆಯದು, ಮಲೆನಾಡಿನವರು ಹಾಕಿಕೊಳ್ಳಲಿ. ನಮ್ಮದು ಮೊದಲೇ ಕ್ಷಾರದ ಮಣ್ಣು, ಅದಕ್ಕೆ ಬೂದಿ ಹಾಕಿದರೆ ಕ್ಷಾರ ಇನ್ನೂ ಏರುತ್ತದೆ. ಮೆಣಸಿನ ಗಿಡದ ಚಿಗುರೆಲ್ಲ ಹಳದಿ ಆಯಿತು, ಎಲೆಯ ನರ ಮಾತ್ರ ಹಸಿರು. ಅಂಗಡಿಯವರು ಒಂದು ಟಾನಿಕ್ ಬಾಟಲಿ ಕೊಟ್ಟರು, 380 ರೂಪಾಯಿ. ಎರಡು ವಾರ ಹಸಿರು, ಆಮೇಲೆ ಮತ್ತೆ ಹಳದಿ. ಮಣ್ಣಿನಲ್ಲಿ ಕಬ್ಬಿಣ ಇತ್ತು, ಕ್ಷಾರ ಜಾಸ್ತಿಯಾಗಿ ಬೇರಿಗೆ ಸಿಗುತ್ತಿರಲಿಲ್ಲ ಅಷ್ಟೆ.

ಎರಡನೆಯದು ಬಟ್ಟೆ ಒಗೆಯುವ ಕಲ್ಲು. ಅದರ ನೀರು ಸುಮ್ನೆ ಹಾಳಾಗಬಾರದು ಅಂತ ಕಾಲುವೆ ತೆಗೆದು ಗಿಡಗಳಿಗೆ ಬಿಟ್ಟಿದ್ದೆ. ಆ ಮೂಲೆಯಲ್ಲಿ ಬೇಸಿಗೆಯಲ್ಲಿ ಬಿಳಿ ಪೊರೆ ಕಟ್ಟುತ್ತಿತ್ತು, ಪುಂಡಿ ಪಲ್ಯ ಕೂಡ ಏಳುತ್ತಿರಲಿಲ್ಲ. ಸೋಪಿನ ಪುಡಿಯಲ್ಲಿ ಸೋಡಾ ಇರುತ್ತದೆ, ಅಂದರೆ ಸೋಡಿಯಂ. ಅದು ಎರೆಮಣ್ಣಿನ ಕಣಗಳನ್ನು ಬಿಡಿಸಿ ಕೆಸರು ಮಾಡುತ್ತದೆ, ಒಣಗಿದಾಗ ಹೆಪ್ಪುಗಟ್ಟಿಸುತ್ತದೆ. ನೀರೂ ಇಳಿಯುವುದಿಲ್ಲ, ಗಾಳಿಯೂ ಇಳಿಯುವುದಿಲ್ಲ. ಈಗ ಆ ನೀರು ಬಚ್ಚಲಿನ ಪೈಪಿಗೆ ಹೋಗುತ್ತದೆ. ಅಕ್ಕಿ ತೊಳೆದ ನೀರು, ಕಾಯಿಪಲ್ಯ ತೊಳೆದ ನೀರು ಮಾತ್ರ ಗಿಡಕ್ಕೆ. ನಮ್ಮ ಭಾಗದ ಎಷ್ಟೋ ಬೋರ್‌ವೆಲ್ ನೀರೂ ಸಪ್ಪೆಯಲ್ಲ, ಉಪ್ಪು. ಮಳೆಗಾಲದಲ್ಲಿ ಮಾಳಿಗೆ ನೀರನ್ನು ಡ್ರಮ್ಮಿಗೆ ಇಳಿಸಿಕೊಂಡರೆ ಮಣ್ಣಿಗೆ ಅದೇ ಔಷಧ.

ನಿಮ್ಮ ಮಣ್ಣಿನಲ್ಲಿ ಸೋಡಿಯಂ ತೊಂದರೆ ಇದೆಯಾ ಅಂತ ಮನೆಯಲ್ಲೇ ಒಂದು ಅಂದಾಜು ಸಿಗುತ್ತದೆ. ಗಾಜಿನ ಲೋಟದಲ್ಲಿ ಮಳೆ ನೀರೋ ಫಿಲ್ಟರ್ ನೀರೋ ತೆಗೆದುಕೊಳ್ಳಿ. ಕಡಲೆ ಗಾತ್ರದ ಒಣ ಹೆಂಟೆಯೊಂದನ್ನು ಮೆಲ್ಲಗೆ ಬಿಡಿ. ಕಲಕಬೇಡಿ. ಹೆಂಟೆ ಸಣ್ಣ ಸಣ್ಣ ಚೂರಾಗಿ ಬಿದ್ದು, ನೀರು ತಿಳಿಯಾಗಿಯೇ ಇದ್ದರೆ ಚಿಂತೆ ಇಲ್ಲ. ಹೆಂಟೆಯ ಸುತ್ತ ಚಹಾಕ್ಕೆ ಹಾಲು ಬಿಟ್ಟ ಹಾಗೆ ಮೋಡ ಎದ್ದು, ಮರುದಿನವೂ ನೀರು ಕದಡಿಯೇ ಇದ್ದರೆ ಸೋಡಿಯಂ ಇದೆ ಅಂತ ಅರ್ಥ. ಒಗೆಯುವ ಕಲ್ಲಿನ ಮೂಲೆಯ ಹೆಂಟೆ ಅರ್ಧ ಗಂಟೆಯಲ್ಲಿ ಇಡೀ ಲೋಟವನ್ನು ಕದಡಿತು. ಬೇವಿನ ಮರದ ಬುಡದ ಹೆಂಟೆ ಪುಡಿಯಾಗಿ ತಳಕ್ಕೆ ಕೂತಿತ್ತು, ಮೇಲಿನ ನೀರಿನಲ್ಲಿ ನನ್ನ ಬೆರಳು ಕಾಣುತ್ತಿತ್ತು. ಒಂದೇ ಹಿತ್ತಲು, 15 ಅಡಿ ಅಂತರ.

ಆಮೇಲೆ ಮಣ್ಣು ಪರೀಕ್ಷೆ ಮಾಡಿಸಿ. ರಾಯಚೂರಿನ ಕೃಷಿ ವಿಶ್ವವಿದ್ಯಾಲಯದ ಕಡೆಯಾಗಲಿ, ಕೃಷಿ ವಿಜ್ಞಾನ ಕೇಂದ್ರದಲ್ಲಾಗಲಿ ವಿಚಾರಿಸಿ. ತುಂಗಭದ್ರಾ ಎಡದಂಡೆ ಕಾಲುವೆ ಬಂದು ಭತ್ತ ಹೆಚ್ಚಾದ ಮೇಲೆ ನಮ್ಮ ಕಡೆ ತಗ್ಗಿನ ಹೊಲಗಳು ಸವಳಾದವು, ಅಂದರೆ ಉಪ್ಪು, ಕ್ಷಾರ ಏರಿ ಕೆಟ್ಟವು. ಹಾಗಾಗಿ ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದಲ್ಲಿ ಸವಳು ಮಣ್ಣಿನ ಮೇಲೂ ಕೆಲಸ ನಡೆಯುತ್ತದೆ. ಐದಾರು ಕಡೆ ವಿ ಆಕಾರದ ಗುಂಡಿ ತೋಡಿ, 15 ಸೆಂಟಿಮೀಟರ್ ಆಳದವರೆಗಿನ ಮಣ್ಣು ಕೆರೆದು ತೆಗೆಯಿರಿ. ಎಲ್ಲ ಕಲಸಿ, ನೆರಳಿನಲ್ಲಿ ಒಣಗಿಸಿ, ಅರ್ಧ ಕಿಲೋ ಕೊಟ್ಟರೆ ಸಾಕು. ತಿಪ್ಪೆ ಇದ್ದ ಜಾಗದ ಮಣ್ಣು ಸೇರಿಸಬೇಡಿ. ಕೆಟ್ಟ ಮೂಲೆಯದನ್ನು ಬೇರೆ ಚೀಲದಲ್ಲಿ ಕೊಡಿ. ನನ್ನ ಆ ಮೂಲೆಯ ಪಿಎಚ್, ಅಂದರೆ ಹುಳಿ-ಕ್ಷಾರದ ಅಳತೆ, 8.9 ಬಂತು, ಉಳಿದದ್ದು 8.2.

8.5 ದಾಟಿದ ಆ ಮೂಲೆಗೆ ಮಾತ್ರ ಜಿಪ್ಸಮ್ ಹಾಕಿದೆ, ಚದರ ಮೀಟರಿಗೆ ಕಾಲು ಕಿಲೋ ಲೆಕ್ಕದಲ್ಲಿ. ನಿಮ್ಮದಕ್ಕೆ ಎಷ್ಟು ಅಂತ ವರದಿ ನೋಡಿ ಅಲ್ಲಿಯವರನ್ನೇ ಕೇಳಿ. ಒಂದು ಚೀಲ ತಂದು ನಾಲ್ಕು ಮನೆಯವರು ಹಂಚಿಕೊಂಡೆವು. ಹೊಲಕ್ಕೆ ಹಾಕುವ ಜಿಪ್ಸಮ್ ಅಂತ ಕೇಳಿ ತನ್ನಿ, ಗಣಪತಿ ಮಾಡುವ ಪಿಒಪಿ ಪುಡಿ ಅಲ್ಲ. ಜಿಪ್ಸಮ್ಮಿನ ಕ್ಯಾಲ್ಸಿಯಂ ಸೋಡಿಯಂ ಅನ್ನು ಮಣ್ಣಿನಿಂದ ಬಿಡಿಸುತ್ತದೆ. ಬಿಟ್ಟ ಸೋಡಿಯಂ ಸಪ್ಪೆ ನೀರಿನಲ್ಲಿ ತೊಳೆದು ಕೆಳಗೆ ಹೋಗಬೇಕು. ಅದಕ್ಕೇ ಮಳೆಗಾಲಕ್ಕೆ ಮುಂಚೆ ಹಾಕಿ, ನೀರು ಹರಿದು ಹೋಗಲು ಒಂದು ಕಡೆ ಚರಂಡಿ ತೆಗೆಯಬೇಕು. ನೀರು ನಿಲ್ಲುವ ಜಾಗಕ್ಕೆ ಹಾಕಿದರೆ ದುಡ್ಡು ದಂಡ.

ಇನ್ನು ಅಗೆಯುವ ವಿಷಯ. ಎರೆಮಣ್ಣು ಹದದಲ್ಲಿ ಇರುವುದೇ ಎರಡು ಮೂರು ದಿನ. ಹಸಿ ಇದ್ದಾಗ ಗುದ್ದಲಿ ಹಾಕಿದರೆ ಇಟ್ಟಿಗೆಯಂಥ ಹೆಂಟೆ ಏಳುತ್ತವೆ, ಅವು ಮುಂದಿನ ಮಳೆವರೆಗೂ ಒಡೆಯುವುದಿಲ್ಲ. ನಾಲ್ಕು ಬೆರಳು ಆಳದಿಂದ ಒಂದು ಮುಷ್ಟಿ ಮಣ್ಣು ತೆಗೆದು ಅದುಮಿ, ಸೊಂಟದೆತ್ತರದಿಂದ ಬಿಡಿ. ಉಂಡೆ ಉದುರಿ ಚೂರಾದರೆ ಹದ ಬಂದಿದೆ. ಉಂಡೆ ಹಾಗೇ ಕೂತರೆ ಹೊಲಿಗೆ ಮಿಷಿನ್ನಿಗೆ ವಾಪಸ್ ಹೋಗಿ. ಮಡಿಗಳನ್ನು ಒಂದು ಗೇಣು ಎತ್ತರಿಸಿ, ಒಮ್ಮೆ ಎತ್ತರಿಸಿದ ಮೇಲೆ ಅದರ ಮೇಲೆ ಕಾಲಿಡಬೇಡಿ. ಮರಳು ಬೆರೆಸಿದರೆ ಸಡಿಲ ಆಗುತ್ತದೆ ಅನ್ನುವವರಿದ್ದಾರೆ. ಬುಟ್ಟಿ ಎರಡು ಬುಟ್ಟಿಯಿಂದ ಏನೂ ಆಗದು, ಟ್ರ್ಯಾಕ್ಟರ್ ಲೋಡಿಗೆ ನಮ್ಮ ಹತ್ತಿರ ದುಡ್ಡಿಲ್ಲ.

ಮಣ್ಣು ಸಡಿಲ ಮಾಡುವುದು ಕೊಳೆತ ಕಸವೇ. ಅದಕ್ಕೆ ನಮ್ಮ ಕಡೆ ಏನು ಕಮ್ಮಿ? ಸುಗ್ಗಿ ಮುಗಿದ ಮೇಲೆ ಕುರಿ ಮಂದೆ ಹೊಲಗಳಲ್ಲಿ ನಿಲ್ಲುತ್ತವೆ, ಕುರಿಯವರಿಂದ 5 ಚೀಲ ಹಿಕ್ಕೆ ತೆಗೆದುಕೊಳ್ಳುತ್ತೇನೆ. ಮೊದಲ ಸಲ ನೇರ ಗಿಡಕ್ಕೆ ಸುರಿಯಲು ಹೊರಟಾಗ ಕುರಿ ಕಾಕಾ ತಡೆದ: "ಹಸೀದು ಹಾಕಬ್ಯಾಡ ಯಕ್ಕಾ, ಗಿಡ ಸುಡ್ತಾವ." ಹಾಗಾಗಿ ಅದು ಗುಂಡಿಗೆ ಹೋಗುತ್ತದೆ. ಗುಂಡಿ ಬೇವಿನ ನೆರಳಿನಲ್ಲಿದೆ, ಮೂರಡಿ ಉದ್ದ, ಅಗಲ, ಆಳ. ಒಂದು ಗೇಣು ಒಣ ಕಸ, ಅದರ ಮೇಲೆ ನಾಲ್ಕು ಬೆರಳು ಹಿಕ್ಕೆ ಇಲ್ಲವೇ ಅಡುಗೆಮನೆ ಕಸ, ಮೇಲೆ ಒಂದು ಹಿಡಿ ಮಣ್ಣು, ನೀರು. ಒಣ ಕಸ ಅಂದರೆ ತೊಗರಿ ಹೊಟ್ಟು, ಶೇಂಗಾ ಸಿಪ್ಪೆ, ಭತ್ತದ ಹುಲ್ಲು. ಫೆಬ್ರವರಿ ಹೊತ್ತಿಗೆ ಉದುರುವ ಬೇವಿನ ಎಲೆಯನ್ನು ಓಣಿಯವರು ಗುಡಿಸಿ ಬೆಂಕಿ ಇಡುತ್ತಾರೆ, ನಾನು ಯೂರಿಯಾದ ಖಾಲಿ ಚೀಲ ಹಿಡಿದು ಅವರಿಗಿಂತ ಮುಂಚೆ ಹೋಗುತ್ತೇನೆ. ನಮ್ಮ ಬಿಸಿಲಿಗೆ ಗುಂಡಿ ಒಣಗಿದರೆ ಕೊಳೆಯುವುದೇ ನಿಲ್ಲುತ್ತದೆ. ವಾರಕ್ಕೆ ಎರಡು ಕೊಡ ನೀರು, ಮೇಲೆ ಗೋಣಿತಟ್ಟು. ತಿಂಗಳಿಗೊಮ್ಮೆ ತಿರುವಿದರೆ ನಾಲ್ಕು ತಿಂಗಳಲ್ಲಿ ಕಪ್ಪಗೆ, ಮಳೆ ಬಿದ್ದ ನೆಲದ ವಾಸನೆಯ ಗೊಬ್ಬರ. ಹಸಿ ಭತ್ತದ ಹೊಟ್ಟನ್ನು ಮಾತ್ರ ಮಣ್ಣಿನಲ್ಲಿ ಕಲಸಬೇಡಿ. ಅದು ಬೇಗ ಕೊಳೆಯುವುದಿಲ್ಲ, ಕೊಳೆಯುವಾಗ ಗಿಡದ ಪಾಲಿನ ಸಾರಜನಕವನ್ನೂ ತಿನ್ನುತ್ತದೆ. ಮಡಿಯ ಮೇಲೆ ಹೊದಿಸಲು ಅಡ್ಡಿಯಿಲ್ಲ.

ದುಡ್ಡು ಕೊಟ್ಟು ಎರೆಹುಳು ತರಬೇಡಿ. ತಂದು ಬಿಟ್ಟಿದ್ದೆ, ಮೇ ತಿಂಗಳಲ್ಲಿ ಒಂದೂ ಉಳಿಯಲಿಲ್ಲ. ಗೊಬ್ಬರದ ತೊಟ್ಟಿಯ ಹುಳು ಬೇರೆ, ನೆಲದ ಹುಳು ಬೇರೆ. ತಂಪು ಮತ್ತು ತಿನ್ನಲು ಕಸ ಇದ್ದರೆ ನೆಲದವು ತಾವೇ ಬರುತ್ತವೆ.

ಜೂನ್ ಮಳೆಗೆ ಖಾಲಿ ಮಡಿಗಳಲ್ಲಿ ಹಸಿರು ಗೊಬ್ಬರಕ್ಕೆ ಸೆಣಬಿನ ಇಲ್ಲವೇ ಡಯಾಂಚದ ಬೀಜ ಚೆಲ್ಲಿ. ಸವಳು ಮೂಲೆಗೆ ಡಯಾಂಚವೇ ಸರಿ, ಅದು ಉಪ್ಪನ್ನು ತಾಳಿಕೊಳ್ಳುತ್ತದೆ. 45 ದಿನದ ಹೊತ್ತಿಗೆ, ಹೂ ಬಿಡುವ ಮುಂಚೆ, ಕೊಯ್ದು ಕತ್ತರಿಸಿ ಮಣ್ಣಿಗೆ ಸೇರಿಸಿ. ಎರಡು ಮೂರು ವಾರ ಬಿಟ್ಟು ಸಸಿ ನೆಡಿ. ಬೀಜ ಸಿಗದಿದ್ದರೆ ಡಬ್ಬಿಯ ಹೆಸರುಕಾಳು, ಅಲಸಂದೆ ಚೆಲ್ಲಿದರೂ ನಡೆಯುತ್ತದೆ. ನಾನು ಹೆಸರಿನ ಕಾಯಿ ಬಿಡಿಸಿಕೊಂಡು ಗಿಡ ಮಣ್ಣಿಗೆ ಹಾಕುತ್ತೇನೆ, ಒಂದು ಹೊತ್ತಿನ ಸಾರಿಗೂ ಆಯಿತು. ಬೇಸಿಗೆಯಲ್ಲಿ ಮಡಿ ಬರಿದಾಗಿ ಇರಬಾರದು. ಭತ್ತ ಕೊಯ್ದ ಮಿಷಿನ್ನು ಬಿಟ್ಟು ಹೋದ ಹುಲ್ಲನ್ನು ರೈತರು ಸುಡುವ ಮುಂಚೆ ಕೇಳಿದರೆ ಯಾರೂ ಇಲ್ಲ ಅನ್ನುವುದಿಲ್ಲ. ನಾಲ್ಕು ಬೆರಳು ದಪ್ಪ ಹೊದಿಸಿ, ಕಾಂಡಕ್ಕೆ ತಾಗದ ಹಾಗೆ. ನನ್ನ ಮಡಿಗಳಲ್ಲಿ ಬಿರುಕು ಮೊದಲು ಕಡಿಮೆಯಾಗಿದ್ದು ಇದರಿಂದಲೇ.

ಇದೆಲ್ಲ ಶುರು ಮಾಡಿ ಈಗ 4 ಮಳೆಗಾಲ. ಒಗೆಯುವ ಕಲ್ಲಿನ ಮೂಲೆಯಲ್ಲಿ ಪುಂಡಿ ಏಳುತ್ತಿದೆ, ಬದನೆ ಇನ್ನೂ ಒಗ್ಗಿಲ್ಲ. ಈ ಸಲದ ಮಣ್ಣೆತ್ತಿನ ಅಮಾವಾಸ್ಯೆಗೂ ಮಕ್ಕಳು ಬುಟ್ಟಿ ಹಿಡಿದು ಬಂದರು. ಮಡಿಯ ಮಣ್ಣು ಕಲಸಿದರು, ಎತ್ತು ಮಾಡಿದರು. ಕೋಡು ನಿಲ್ಲಲಿಲ್ಲ. ಮತ್ತೆ ಅಂಟಿಸಿದರು, ಕುತ್ತಿಗೆಯೇ ಉದುರಿತು. ಪಕ್ಕದ ಖಾಲಿ ಸೈಟಿನ ಮಣ್ಣಿಗೆ ಹೊರಟ ಹುಡುಗನೊಬ್ಬ ತಿರುಗಿ ನಿಂತು ಹೇಳಿದ: "ಆಂಟಿ, ನಿಮ್ಮ ಮಣ್ಣು ಕೆಟ್ಟು ಹೋಗೈತ್ರಿ."