ದೊಡ್ಡ ಗಿರಾಕಿಯನ್ನು ಬಿಟ್ಟೆ, ಬಳೆ ವಾಪಸ್ ಬಂದವು: ಭೋಸರಿಯ ನನ್ನ ಅನುಭವ

"ತಲಿ ಕೆಟ್ಟೈತೇನೋ ನಿಂಗ?" ಅಂತ ಭಾವ ಕೇಳಿದ್ದರು. ಟಪರಿಯಲ್ಲಿ ಜೊತೆಗೆ ಚಹಾ ಕುಡಿಯುವವರೂ ಅದನ್ನೇ ಕೇಳಿದರು, ಸ್ವಲ್ಪ ನಯವಾಗಿ. ಹೆಚ್ಚುಕಡಿಮೆ ಅರ್ಧ ಕೆಲಸ ಕೊಡುವ ಗಿರಾಕಿಯನ್ನು ಯಾರಾದರೂ ತಾವಾಗಿ ಬಿಡುತ್ತಾರಾ? ನಾನು ಬಿಟ್ಟೆ. ವರ್ಷ ದಾಟಿತು, ಅದಕ್ಕೇ ಈಗ ಧೈರ್ಯವಾಗಿ ಬರೆಯುತ್ತಿದ್ದೇನೆ.

ಪುಣೆ ಹತ್ತಿರದ ಭೋಸರಿ ಎಂಐಡಿಸಿಯಲ್ಲಿ (ಕೈಗಾರಿಕಾ ಪ್ರದೇಶ) ನನ್ನದು ಲೋಹದ ಪೀಸ್ ಕತ್ತರಿಸಿ ಕೊಡುವ ವರ್ಕ್‌ಶಾಪ್: 2 ವಿಎಂಸಿ, 3 ಸಿಎನ್‌ಸಿ (ಎರಡೂ ಕಂಪ್ಯೂಟರ್‌ನಿಂದ ನಡೆಯುವ ಕಟಿಂಗ್ ಮಷಿನ್), 14 ಜನ. ವ್ಯವಹಾರ ಒಂದೂವರೆ ಕೋಟಿಯಿಂದ ಎರಡರ ಹತ್ತಿರ ಬಂದಿತ್ತು. ಆದರೆ ಸಿಸಿ ಲಿಮಿಟ್ (ಬ್ಯಾಂಕಿನ ಕ್ಯಾಶ್ ಕ್ರೆಡಿಟ್ ಸಾಲ) ಸದಾ ಭರ್ತಿ, 20ನೇ ತಾರೀಖು ಹತ್ತಿರ ಬಂದರೆ ಇನ್ನೂ ಕೈಗೇ ಬಾರದ ಬಿಲ್ಲಿಗೆ ಜಿಎಸ್‌ಟಿ ಕಟ್ಟಲು ಕೈಸಾಲ ಹುಡುಕಬೇಕು. ನಿಮಗೂ ಗೊತ್ತಿರುವ ಕಥೆಯೇ ಅಲ್ವಾ.

ಮೊದಲು ಹಿಡಿದ ಬಿಸಿನೆಸ್ ಕೋಚ್‌ಗೆ ಸುಮಾರು 1.8 ಲಕ್ಷ ಸುರಿದೆ. ಎಸಿ ಹಾಲಿನಲ್ಲಿ ಕೂರಿಸಿ 5 ವರ್ಷದ ಕನಸು ಬರೆಸಿದರು, ಚಪ್ಪಾಳೆ ಹೊಡೆಸಿದರು. ವ್ಯವಹಾರ ಬೆಳೆದಷ್ಟೂ ಉಧಾರಿಯೂ ಬೆಳೆಯಿತು. ಎರಡನೆಯವರು ರಿಟೈರ್ಡ್ ಪ್ರೊಡಕ್ಷನ್ ಮ್ಯಾನೇಜರ್, ಬಂದ ದಿನಕ್ಕೆ 4,000. ಅರ್ಧ ದಿನ ಮಷಿನ್ ಪಕ್ಕ ಸ್ಟೂಲ್ ಹಾಕಿಕೊಂಡು ಕೂತು ಎರಡೇ ಪ್ರಶ್ನೆ ಕೇಳಿದರು. ಸ್ಪಿಂಡಲ್ (ಕಟಿಂಗ್ ಆಗುವಾಗ ತಿರುಗುವ ದಂಡ) ತಿರುಗಿದ್ದು ಎಷ್ಟು ಗಂಟೆ? ದುಡ್ಡು ಬರೋದು ಎಷ್ಟನೇ ದಿನಕ್ಕೆ? ಎರಡಕ್ಕೂ ನನ್ನ ಬಳಿ ಉತ್ತರ ಇರಲಿಲ್ಲ.

ಗುರುವಾರ ನಮಗೆ ರಜೆ, ಹಾಗಾಗಿ ಬುಧವಾರ ಸಂಜೆ ಬೋರ್ಡಿನ ಮೇಲೆ ಲೆಕ್ಕ ಬರೆಯತೊಡಗಿದೆ. 8 ಗಂಟೆಯ ಪಾಳಿಯಲ್ಲಿ ಕಟಿಂಗ್ ನಾಲ್ಕೂವರೆ ಗಂಟೆ. ಉಳಿದದ್ದು ಸೆಟ್ಟಿಂಗ್ (ಮುಂದಿನ ಕೆಲಸಕ್ಕೆ ಮಷಿನ್ ಸಜ್ಜು ಮಾಡೋದು), ಟೂಲ್ ಹುಡುಕಾಟ, ಸುಮ್ನೆ ನಿಂತಿರೋದು. ದೊಡ್ಡ ಗಿರಾಕಿಯ ದುಡ್ಡು 110 ದಿನಕ್ಕೆ. ನಮ್ಮಂಥ ಸಣ್ಣ ಉದ್ಯಮಕ್ಕೆ ದುಡ್ಡು ಕೊಡಲು ಕಾನೂನಿನಲ್ಲಿ ಹೆಚ್ಚೆಂದರೆ 45 ದಿನ. ಉದ್ಯಮ್ ಸರ್ಟಿಫಿಕೇಟ್ (ಸಣ್ಣ ಉದ್ಯಮದ ನೋಂದಣಿ ಪತ್ರ) ಹಿಡಿದು, ಆದಾಯ ತೆರಿಗೆ ಕಾಯ್ದೆಯ 43ಬಿ(ಎಚ್) ಹೆಸರು ಹೇಳಿ ಆ ಗಿರಾಕಿಯ ಪರ್ಚೇಸ್‌ನವರ ಮುಂದೆ ಕೂತೆ. ಮಾರ್ಚ್ 31ರೊಳಗೆ ಒಂದಷ್ಟು ಕೊಟ್ಟರು, ಏಪ್ರಿಲ್‌ನಿಂದ ಅದೇ ರಾಗ ಅದೇ ಹಾಡು. ವರ್ಷದ ಕೊನೆಗೆ ಬಾಕಿ ಉಳಿದರೆ ಮಾತ್ರ ಅವರಿಗೆ ತೆರಿಗೆಯ ಬಿಸಿ ತಟ್ಟೋದು, ನಡುವಿನ 11 ತಿಂಗಳು ನಾವೇ ಅವರ ಬ್ಯಾಂಕು.

ಈ ಗಿರಾಕಿಯನ್ನು ಬಿಡೋದೇ ಸರಿ ಅನ್ನಿಸಿತು. ಬಿಡುವ ಮೊದಲು ಸೆಟ್ಟಿಂಗ್ ಸಮಯ ಇಳಿಸಿದೆವು. ಮುಂದಿನ ಕೆಲಸದ ಟೂಲ್, ಜಾ (ಪೀಸ್ ಹಿಡಿಯುವ ದವಡೆ), ಗೇಜ್ (ಅಳತೆ ಸಾಧನ) ಎಲ್ಲ ಮಷಿನ್ ನಿಲ್ಲುವ ಮೊದಲೇ ಟ್ರಾಲಿಯಲ್ಲಿ ರೆಡಿ. ಎರಡೂವರೆ ಗಂಟೆಯದು 45 ನಿಮಿಷಕ್ಕೆ ಬಂತು. ಫಿಕ್ಸ್‌ಚರ್‌ನಲ್ಲಿ (ಪೀಸ್ ಕದಲದಂತೆ ಹಿಡಿಯುವ ಚೌಕಟ್ಟು) ಒಂದು ಉಪಾಯ ಮಾಡಿದ್ದೇನೆ, ಅದನ್ನು ಇಲ್ಲಿ ಬರೆಯಲ್ಲ. ಪಕ್ಕದ ಗಾಳಾದವರೂ (ಶೆಡ್ಡಿನವರು) ವಿಜಯಪುರದ ಕಡೆಯವರೇ, ಓದಿಬಿಡುತ್ತಾರೆ! ಸೆಟ್ಟಿಂಗ್ ಇಳಿದರೆ 20-30 ಪೀಸಿನ ಆರ್ಡರೂ ಗಿಟ್ಟುತ್ತದೆ. ನಮ್ಮ ಲೈನಿನಲ್ಲಿ ಅಂಥದ್ದನ್ನು ಯಾರೂ ಮುಟ್ಟಲ್ಲ, ಹಾಗಾಗಿ ರೇಟೂ ಜಾಸ್ತಿ, ಅರ್ಧ ಅಡ್ವಾನ್ಸೂ ಸಿಗುತ್ತದೆ.

ಹೇಳಿದಷ್ಟು ಸುಲಭ ಆಗಲಿಲ್ಲ. ಬಿಟ್ಟ ಮೇಲೆ ಮೊದಲ 4 ತಿಂಗಳು ಅರ್ಧ ಮಷಿನ್ ಖಾಲಿ. ಹೆಂಡತಿಯ ಬಳೆ ಬ್ಯಾಂಕಿಗೆ ಹೋದವು, ಒಳ್ಳೆಯ ಸೆಟ್ಟರ್ (ಸೆಟ್ಟಿಂಗ್ ಮಾಡುವವ) ಒಬ್ಬ ಚಾಕಣ್ ಕೈಗಾರಿಕಾ ಪ್ರದೇಶಕ್ಕೆ ಹೋದ, ಒಂದು ಸ್ಟೇನ್‌ಲೆಸ್ ಬ್ಯಾಚ್ ಪೂರ್ತಿ ರಿಜೆಕ್ಟ್ ಆಗಿ 60-70 ಸಾವಿರ ಮುಳುಗಿತು. ಖಾಲಿ ಮಷಿನ್ ನೋಡಲಾರದೆ ಶಾವಿಗೆ ಒತ್ತುವ ಮಷಿನ್ ಮಾಡಿ ಮಾರುತ್ತೇನೆ ಅಂತಲೂ ಹೊರಟೆ. 40 ಮಾಡಿದೆ, 11 ಮಾರಿದೆ. ಉಳಿದವು ನೆಂಟರ ಗೃಹಪ್ರವೇಶಗಳಿಗೆ ಹೋದವು, ಇನ್ನೂ ಹೋಗುತ್ತಿವೆ.

ಈಗ ವ್ಯವಹಾರ 1.6 ಕೋಟಿ ಇರಬಹುದು, ಮೊದಲಿಗಿಂತ ಕಡಿಮೆಯೇ. ದುಡ್ಡು ಸರಾಸರಿ 35 ದಿನಕ್ಕೆ ಬರುತ್ತದೆ, ಸಿಸಿ ಅರ್ಧ ಖಾಲಿ, ಬಳೆ ಮನೆಯಲ್ಲಿವೆ. ಕಳೆದ ತಿಂಗಳು ಭಾವ ಬಂದು ಬೋರ್ಡಿನ ಫೋಟೋ ಹೊಡೆದುಕೊಂಡು ಹೋದರು. ಫಿಕ್ಸ್‌ಚರ್ ಮೇಲೆ ಮಾತ್ರ ಬಟ್ಟೆ ಹೊದಿಸಿದ್ದೆ.