ಕೊರಿಯನ್ನರಿಗೆ ‘ವೇರ್’ ಹೇಳಿಕೊಡುವುದು

ಕೊರಿಯನ್ ಮಾತೃಭಾಷೆಯವರಿಗೆ ಇಂಗ್ಲಿಷ್ ಕಲಿಸುವಾಗ ‘ವೇರ್’ (wear, ಧರಿಸು) ಎಂಬ ಒಂದೇ ಕ್ರಿಯಾಪದಕ್ಕೆ ನಾನು ಇಡೀ ತರಗತಿ ಮೀಸಲಿಡುತ್ತೇನೆ. ಅದಕ್ಕೆ ಅವರು ಬಾಯಿಪಾಠ ಮಾಡಿರುವ ಅರ್ಥ ‘ಇಪ್ತಾ’. ಆದರೆ ಇಪ್ತಾ ಸಲ್ಲುವುದು ಮೈಮೇಲಿನ ಬಟ್ಟೆಗೆ. ಬೂಟು, ಕಾಲುಚೀಲಕ್ಕೆ ‘ಶಿನ್ತಾ’, ಟೋಪಿ, ಕನ್ನಡಕಕ್ಕೆ ‘ಸ್ಸುದಾ’, ಉಂಗುರಕ್ಕೆ ‘ಕ್ಕಿದಾ’, ಕೈಗಡಿಯಾರಕ್ಕೆ ‘ಚಾದಾ’, ಟೈಗೆ ‘ಮೆದಾ’. ಸೀರೆ ಉಡುವ, ಅಂಗಿ ತೊಡುವ, ಹೂ ಮುಡಿಯುವ, ಚಪ್ಪಲಿ ಮೆಟ್ಟುವ ಕನ್ನಡದವರಿಗೆ ಈ ಪಜೀತಿ ಬೇಗ ಅರ್ಥವಾಗುತ್ತದೆ.

ಈ ವಸ್ತುಗಳ ಚಿತ್ರವಿರುವ ಚೀಟಿಗಳನ್ನು ಕೊಟ್ಟು, ಪ್ರತಿಯೊಂದರ ಹಿಂದೆ ಕೊರಿಯನ್ ಕ್ರಿಯಾಪದ ಬರೆಸುತ್ತೇನೆ. ಆಮೇಲೆ ಎಲ್ಲಕ್ಕೂ ‘ವೇರ್’ ಸೇರಿಸಿ ವಾಕ್ಯ ಹೇಳಿಸುತ್ತೇನೆ. ಕನ್ನಡಕದ ಚೀಟಿ ಬಂದಾಗ ‘ಐ ಯೂಸ್ ಗ್ಲಾಸಸ್’ ಎನ್ನುವವರಿದ್ದಾರೆ. ‘ಸ್ಸುದಾ’ಕ್ಕೆ ‘ಬಳಸು’ ಎಂಬ ಅರ್ಥವೂ ಇರುವುದರಿಂದ ಆಗುವ ತಪ್ಪು ಇದು. ‘ಎ ಗ್ಲಾಸ್’ ಎಂದರೆ ಅಲ್ಲೇ ತಿದ್ದಬೇಕು. ಅದು ನೀರು ಕುಡಿಯುವ ಲೋಟವಾಗುತ್ತದೆ.

ನಿಜವಾದ ತೊಡಕು ಇರುವುದು ‘ವೇರ್’ಗೂ ‘ಪುಟ್ ಆನ್’ಗೂ ನಡುವೆ. ಕೊರಿಯನ್ನಿನ ‘ಇಪ್ಕೊ ಇತ್ತಾ’ ಎರಡಕ್ಕೂ ಆಗುತ್ತದೆ. ಕನ್ನಡದಲ್ಲಿ ‘ಹಾಕಿಕೊಂಡಿದ್ದಾನೆ’, ‘ಹಾಕಿಕೊಳ್ಳುತ್ತಿದ್ದಾನೆ’ ಎಂದು ಬೇರೆ ಬೇರೆ ಮಾಡುತ್ತೇವಲ್ಲ, ಆ ಗೆರೆ ಅಲ್ಲಿ ಅಳಿಸಿಹೋಗಿರುತ್ತದೆ. ಹಾಗಾಗಿ ತರಗತಿಗೆ ಒಂದು ಕೋಟು ಒಯ್ಯುತ್ತೇನೆ. ಒಂದು ತೋಳು ಒಳಗೆ, ಇನ್ನೊಂದು ಹೊರಗೆ ಇರುವಾಗ ಅಲ್ಲಿಗೇ ನಿಂತು ‘ಐಯಾಮ್ ಪುಟಿಂಗ್ ಆನ್ ಎ ಕೋಟ್’ ಎನ್ನುತ್ತೇನೆ. ಗುಂಡಿ ಹಾಕಿ, ಕೈಬಿಟ್ಟು ಸುಮ್ಮನೆ ನಿಂತ ಮೇಲೆ ‘ಐಯಾಮ್ ವೇರಿಂಗ್ ಎ ಕೋಟ್’. ಮೊದಲನೆಯದು ಕೆಲವು ಸೆಕೆಂಡಿನ ಕೆಲಸ, ಎರಡನೆಯದು ದಿನವಿಡೀ ಉಳಿಯುವ ಸ್ಥಿತಿ. ಆಗಲೂ ಅನುಮಾನ ಉಳಿದರೆ ‘ಇಮ್ನುನ್ ಜುಂಗಿದಾ’ ಎಂದು ಹೇಳಲು ಬರುತ್ತದೆಯೇ ಎಂದು ಅವರನ್ನೇ ಕೇಳಬೇಕು. ‘ಹಾಕಿಕೊಳ್ಳುವುದರ ನಡುವೆ ಇದ್ದೇನೆ’ ಎಂಬರ್ಥದ ಆ ಮಾತು ಒಪ್ಪಿದರೆ ‘ಪುಟ್ ಆನ್’, ಒಪ್ಪದಿದ್ದರೆ ‘ವೇರ್’. ನಾನು ಬಳಸಿದ ಉಪಾಯಗಳಲ್ಲಿ ಇಷ್ಟು ಗಟ್ಟಿಯಾಗಿ ನಿಂತದ್ದು ಬೇರೊಂದಿಲ್ಲ.

ಇನ್ನೊಂದು ತಪ್ಪು ಕಾಲದ್ದು. ಎದುರಿಗೆ ಕೆಂಪಂಗಿ ತೊಟ್ಟು ನಿಂತವಳನ್ನು ತೋರಿಸಿ ‘ಶಿ ವೋರ್ ಎ ರೆಡ್ ಶರ್ಟ್’ ಎನ್ನುತ್ತಾರೆ. ಕೊರಿಯನ್ನಿನಲ್ಲಿ ‘ಇಬೊಸ್ಸೊಯೊ’ ಎಂಬ ಭೂತಕಾಲದ ರೂಪವೇ ಈಗಿನ ಉಡುಪನ್ನೂ ಹೇಳುತ್ತದೆ. ಇಂಗ್ಲಿಷಿನಲ್ಲಿ ‘ವೋರ್’ ಎಂದರೆ ಆ ಅಂಗಿ ಈಗ ಮೈಮೇಲಿದೆ ಎಂದಾಗುವುದಿಲ್ಲ. ನಿನ್ನೆಯ ಫೋಟೊ ಒಂದು, ಕಿಟಕಿಯಾಚೆ ಕಾಣುವ ಜನ ಒಂದು, ಎರಡನ್ನೂ ಹತ್ತು ಹತ್ತು ವಾಕ್ಯಗಳಲ್ಲಿ ಬಣ್ಣಿಸಲು ಹೇಳಿದರೆ ಕಿವಿ ಪಳಗುತ್ತದೆ.

ಕೊನೆಗೆ ಐದು ನಿಮಿಷ ‘ಪುಟ್ ಇಟ್ ಆನ್’ಗೆ. ‘ಪುಟ್ ಆನ್ ಇಟ್’ ಎಂದು ಬಾಯಿಗೆ ಕೂತುಬಿಟ್ಟರೆ ಆಮೇಲೆ ಬಿಡಿಸುವುದು ಕಷ್ಟ.