ಬಾಳೆಹಣ್ಣಿನ ಅಂಗಡಿ ಮುಂದೆ ಬಿಟ್ಟ ಸಂಕೋಚ

ಮೊದಲ ಕಥಾಸಂಕಲನ ಬಂದಾಗ ನನಗೆ ಖುಷಿಗಿಂತ ಭಯವೇ ಜಾಸ್ತಿ. ಓದಿದವರು ಎದುರಿಗೆ ಬಂದು "ಚೆನ್ನಾಗಿದೆ ರೀ" ಅಂದರೆ "ಹ್ಞೂಂ, ಥ್ಯಾಂಕ್ಸ್" ಅಂದು ಚಪ್ಪಲಿ ನೋಡುತ್ತಾ ನಿಲ್ಲುತ್ತಿದ್ದೆ. ಜಂಬದವನು ಅಂತ ಯಾರೋ ಅಂದಿದ್ದೂ ಕಿವಿಗೆ ಬಿತ್ತು. ಕನ್ನಡಿ ಮುಂದೆ ಮಾತಾಡಿ ನೋಡಿದೆ, ಏನೂ ಉಪಯೋಗವಾಗಲಿಲ್ಲ. ಕನ್ನಡಿ ತಿರುಗಿ ಏನೂ ಕೇಳಲ್ಲ ಅಲ್ವಾ?

ಆಮೇಲೆ ದಿನಾ ಬೆಳಿಗ್ಗೆ ಮೈಸೂರಿನ ದೇವರಾಜ ಮಾರುಕಟ್ಟೆಗೆ ಹೋಗತೊಡಗಿದೆ. ನಿಯಮ ಒಂದೇ, ಬೆಲೆ ಬಿಟ್ಟು ಇನ್ನೊಂದು ಪ್ರಶ್ನೆ ಕೇಳಬೇಕು. ಮೊದಲ ದಿನ ಮಲ್ಲಿಗೆ ಮಾರುವ ಅಜ್ಜಿಗೆ "ಮೊಳ ಎಷ್ಟು?" ಅಂದವನು, ಮುಂದಿನ ಮಾತು ಗಂಟಲಲ್ಲೇ ಸಿಕ್ಕಿಕೊಂಡು, ಸುಮ್ನೆ ನಾಲ್ಕು ಮೊಳ ಹೂ ಹಿಡಿದು ಮನೆಗೆ ಬಂದೆ. ಹೆಂಡತಿಗೆ ಅನುಮಾನ!

ದಾರಿ ಸಿಕ್ಕಿದ್ದು ಬಾಳೆಹಣ್ಣಿನ ಅಂಗಡಿಯಲ್ಲಿ. "ರಸಬಾಳೆ ಇದೆಯಾ?" ಅಂದೆ. "ಇಲ್ಲ ಸಾರ್." ಮಾತು ಮುಗೀತು. ಮರುದಿನ ಅದನ್ನೇ ತಿರುಗಿಸಿ "ನಂಜನಗೂಡು ರಸಬಾಳೆ ಈಗ ಯಾಕೆ ಅಷ್ಟು ಅಪರೂಪ?" ಅಂದೆ ನೋಡಿ, ಗಿಡವನ್ನೇ ಸೊರಗಿಸುವ ಪನಾಮ ರೋಗದಿಂದ ಹಿಡಿದು ಅವರಪ್ಪನ ತೋಟ, ಸಿಪ್ಪೆ ಕಪ್ಪಾದರೂ ಒಳಗೆ ಹಣ್ಣು ಕೆಡಲ್ಲ ಅನ್ನೋವರೆಗೆ 20 ನಿಮಿಷ ಮಾತಾಡಿದರು. ನಾನು ಮಾಡಿದ್ದಿಷ್ಟೇ: ಅವರು ನಿಲ್ಲಿಸಿದಾಗ ಕೊನೆಯ ಮಾತನ್ನೇ ಹಿಡಿದು "ಕಪ್ಪಾದ ಮೇಲೂನಾ?" ಅಂತ ಕೇಳಿದೆ. ಹೌದು ಇಲ್ಲ ಅಂತ ಉತ್ತರ ಬರುವ ಪ್ರಶ್ನೆ ಬಿಟ್ಟರೆ ಅರ್ಧ ಕೆಲಸ ಆದಂತೆ.

ಈಗ ಓದುಗರು ಸಿಕ್ಕರೆ "ಇಷ್ಟ ಆಯ್ತಾ?" ಅನ್ನಲ್ಲ, "ಯಾವ ಕಥೆ ಬೋರಾಯ್ತು, ಎಲ್ಲಿ?" ಅನ್ನುತ್ತೇನೆ. ಮೊನ್ನೆ ಒಬ್ಬರು ಮೂರು ಕಥೆ ಹೇಳಿದರು. ಫೋನಿನಲ್ಲಿ ಮಾತ್ರ ಇನ್ನೂ ತೊದಲುತ್ತೇನೆ.